ಮೆಮೊರಿ ಚಿಪ್ ಪೇಟೆಂಟ್: ಅರ್ಜಿಯಿಂದ ಹಿಯರಿಂಗ್‌ವರೆಗೆ, ಮುಂಬೈ ಆಫೀಸಿನ ದಾರಿ

ಪುಣೆಯ ಹಿಂಜವಡಿ, ಬಾಣೇರ್ ಕಡೆ ಚಿಪ್ ಡಿಸೈನ್ ಮಾಡುವವರಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ಅಲ್ಲೇ ಮನೆ ಮಾಡಿದವರು. ಮುಂಬೈಯಲ್ಲಿ ಪೇಟೆಂಟ್ ಏಜೆಂಟ್ ಕೆಲಸ ಮಾಡುವ ನನಗೆ ಅವರಿಂದ ಬರುವ ಫೋನಿನ ಮಾತು ಹೆಚ್ಚುಕಡಿಮೆ ಒಂದೇ: "ಸರ್, ಎಫ್‌ಇಆರ್ ಬಂದೈತ್ರಿ. ರಿಜೆಕ್ಟ್ ಆತೇನ್ರಿ?"

ಇಲ್ಲ, ಆಗಿಲ್ಲ. ಎಫ್‌ಇಆರ್ ಅಂದರೆ ಮೊದಲ ಪರೀಕ್ಷಾ ವರದಿ. ಅದರಲ್ಲಿ ಇರುವುದು ಪ್ರಶ್ನೆಗಳು, ತೀರ್ಪಲ್ಲ. ಒಂದೂ ಆಕ್ಷೇಪ ಇಲ್ಲದ ಎಫ್‌ಇಆರ್ ಬರುವುದೇ ಅಪರೂಪ. ಆದರೆ ಆ ಪ್ರಶ್ನೆಗಳಿಗೆ ನಿಮ್ಮ ಹತ್ತಿರ ಉತ್ತರ ಇದೆಯೋ ಇಲ್ಲವೋ ಅನ್ನುವುದು ಅರ್ಜಿ ಹಾಕಿದ ದಿನವೇ ತೀರ್ಮಾನ ಆಗಿರುತ್ತದೆ. ಆಮೇಲೆ ಹೊಸದೇನನ್ನೂ ಸೇರಿಸಲು ಬರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯನ್ನು ಪರೀಕ್ಷೆಯಿಂದಲ್ಲ, ಅದಕ್ಕೂ ಎಷ್ಟೋ ಮುಂಚಿನಿಂದ ಶುರು ಮಾಡುತ್ತೇನೆ.

ಹೆಜ್ಜೆ 1: ನಿಮ್ಮ ಆಫೀಸು ಯಾವುದು?

ದೇಶದಲ್ಲಿ ಪೇಟೆಂಟ್ ಆಫೀಸುಗಳು ನಾಲ್ಕು: ಕೋಲ್ಕತ್ತಾ, ದಿಲ್ಲಿ, ಚೆನ್ನೈ, ಮುಂಬೈ. ಅರ್ಜಿದಾರರ ವಾಸ ಅಥವಾ ವ್ಯವಹಾರದ ಜಾಗ ನೋಡಿ ಆಫೀಸು ಗೊತ್ತಾಗುತ್ತದೆ. ಮಹಾರಾಷ್ಟ್ರ, ಗೋವಾ, ಗುಜರಾತ್, ಮಧ್ಯಪ್ರದೇಶ, ಛತ್ತೀಸ್‌ಗಢ ಎಲ್ಲ ಮುಂಬೈಗೆ. ಕರ್ನಾಟಕ ಚೆನ್ನೈಗೆ. ಅಂದರೆ ಹುಟ್ಟೂರು ಹುಬ್ಬಳ್ಳಿ ಆದರೂ ಕಂಪನಿ ಪುಣೆಯಲ್ಲಿದ್ದರೆ ನಿಮ್ಮ ಅರ್ಜಿ ಮುಂಬೈಯದು. ಪಣಜಿಯವರದೂ ಅಷ್ಟೇ.

ಮುಂಬೈ ಆಫೀಸು ಆಂಟಾಪ್ ಹಿಲ್‌ನ ಬೌದ್ಧಿಕ ಸಂಪದಾ ಭವನದಲ್ಲಿದೆ. ಆದರೆ ಅದಕ್ಕಾಗಿ ಡೆಕ್ಕನ್ ಕ್ವೀನ್ ರೈಲು ಹತ್ತುವ ಅಗತ್ಯ ಈಗಿಲ್ಲ. ಅರ್ಜಿಯಿಂದ ಹಿಯರಿಂಗ್‌ವರೆಗೆ ಎಲ್ಲ ಆನ್‌ಲೈನ್. ಕಾಗದದಲ್ಲಿ ಕೊಟ್ಟರೆ ಶುಲ್ಕ ಶೇ. 10 ಜಾಸ್ತಿ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ತಿಂಡಿ ತಿನ್ನುವ ನೆಪಕ್ಕೆ ಬರುವುದಾದರೆ ಅದು ಬೇರೆ ಮಾತು.

ಹೆಜ್ಜೆ 2: ನಿಮ್ಮದು ಸರ್ಕ್ಯೂಟೋ, ಲೇಔಟೋ, ಪ್ರೋಗ್ರಾಮೋ?

ಮೆಮೊರಿ ಚಿಪ್‌ನವರು ಎಡವುವುದು ಇಲ್ಲೇ. ಪೇಟೆಂಟ್ ಕಾಯ್ದೆ 1970ರ 3ನೇ ಸೆಕ್ಷನ್ ಯಾವುದಕ್ಕೆ ಪೇಟೆಂಟ್ ಇಲ್ಲ ಅಂತ ಪಟ್ಟಿ ಕೊಡುತ್ತದೆ. ಅದರಲ್ಲಿ ನಮಗೆ ತಾಗುವುದು ಮುಖ್ಯವಾಗಿ ಎರಡು.

ಒಂದು 3-ಒ. ಇಂಟಿಗ್ರೇಟೆಡ್ ಸರ್ಕ್ಯೂಟಿನ ಟೊಪಾಗ್ರಫಿಗೆ, ಅಂದರೆ ಸಿಲಿಕಾನ್ ಮೇಲೆ ಯಾವ ಪದರ ಎಲ್ಲಿ ಕೂರಬೇಕು ಅನ್ನುವ ನಕ್ಷೆಗೆ ಪೇಟೆಂಟ್ ಸಿಗುವುದಿಲ್ಲ. ಅದಕ್ಕೆ ಬೇರೆಯೇ ಕಾನೂನು ಇದೆ: 2000ದ ಸೆಮಿಕಂಡಕ್ಟರ್ ಲೇಔಟ್ ಡಿಸೈನ್ ಕಾಯ್ದೆ. ಅಲ್ಲಿ ನೋಂದಣಿ ಮಾಡಿಸಿದರೆ 10 ವರ್ಷದ ರಕ್ಷಣೆ. ಚಿಪ್ ಮಾರಾಟಕ್ಕೆ ಬಂದು 2 ವರ್ಷ ದಾಟಿದ್ದರೆ ಆ ಬಾಗಿಲೂ ಮುಚ್ಚುತ್ತದೆ.

ಇನ್ನೊಂದು 3-ಕೆ. ಗಣಿತದ ವಿಧಾನ, ವ್ಯವಹಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಮ್, ಆಲ್ಗಾರಿದಮ್‌ ಇವಕ್ಕೆ ಪೇಟೆಂಟ್ ಇಲ್ಲ. "ನಮ್ಮದು ಚಿಪ್ ಕಣ್ರೀ, ಸಾಫ್ಟ್‌ವೇರ್ ಅಲ್ಲ" ಅಂತ ನೀವು ಅನ್ನಬಹುದು. ಆದರೆ ನಿಮ್ಮ ಹಕ್ಕು ಎಲ್ಲಿಯವರೆಗೆ ಅಂತ ಹೇಳುವ ವಾಕ್ಯ, ಅಂದರೆ ಕ್ಲೇಮ್‌ನಲ್ಲಿ "ನಿರ್ಧರಿಸುವುದು", "ಹೋಲಿಸುವುದು", "ಲೆಕ್ಕ ಹಾಕುವುದು" ಅಂತ ಬರೀ ಕ್ರಿಯಾಪದ ಸಾಲುಗಟ್ಟಿದ್ದರೆ ಎಕ್ಸಾಮಿನರ್ ಕಣ್ಣಿಗೆ ಅದು ಆಲ್ಗಾರಿದಮ್ಮೇ.

ಹಾಗಾದರೆ ಪೇಟೆಂಟ್ ಯಾವುದಕ್ಕೆ? ಸರ್ಕ್ಯೂಟು ಕೆಲಸ ಮಾಡುವ ಬಗೆಗೆ, ಸೆಲ್‌ನ ರಚನೆಗೆ, ಅದನ್ನು ತಯಾರಿಸುವ ವಿಧಾನಕ್ಕೆ, ಓದುವ-ಬರೆಯುವ-ರಿಫ್ರೆಶ್ ಮಾಡುವ ಕ್ರಮಕ್ಕೆ. ಡಿ-ರ‍್ಯಾಮ್ (ಕಂಪ್ಯೂಟರ್, ಫೋನಿನ ಕೆಲಸದ ಮೆಮೊರಿ) ಹುಟ್ಟಿದ್ದೇ ಇಂಥ ಪೇಟೆಂಟಿನಿಂದ. ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಸೇರಿ ಒಂದು ಬಿಟ್ ಹಿಡಿಯುವ ಸೆಲ್‌ಗೆ.

ನಾವು ಹಿಡಿದುಕೊಳ್ಳುವ ಉದಾಹರಣೆ

ಮುಂದಿನದೆಲ್ಲ ಗಾಳಿಯಲ್ಲಿ ಮಾತಾಡಿದ ಹಾಗೆ ಆಗಬಾರದು ಅಂತ ಒಂದು ಐಡಿಯಾ ಕಟ್ಟುತ್ತೇನೆ. ಇದು ವಿವರಣೆಗೆ ಮಾತ್ರ. ಸುಮ್ನೆ ಇದನ್ನೇ ಎತ್ತಿಕೊಂಡು ಫೈಲ್ ಮಾಡಬೇಡಿ.

ಡಿ-ರ‍್ಯಾಮ್ ಸೆಲ್‌ನ ಕೆಪಾಸಿಟರ್ ಹಿಡಿದ ಚಾರ್ಜ್ ಸೋರುತ್ತದೆ. ಹಾಗಾಗಿ ಸೆಲ್‌ಗಳ ಪ್ರತಿ ಸಾಲನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ರಿಫ್ರೆಶ್ ಮಾಡಬೇಕು, ಅಂದರೆ ಓದಿ ಮತ್ತೆ ತುಂಬಬೇಕು. ಚಿಪ್ 85 ಡಿಗ್ರಿ ದಾಟಿ ಬಿಸಿಯಾದರೆ 32ಕ್ಕೊಮ್ಮೆ. ಆದರೆ ಅಷ್ಟು ಬೇಗ ಸೋರುವುದು ಎಲ್ಲೋ ಕೆಲವು ಸಾಲು ಮಾತ್ರ. ಉಳಿದವು 256 ಮಿಲಿಸೆಕೆಂಡ್ ಕೂಡ ಆರಾಮಾಗಿ ತಡೆಯುತ್ತವೆ. ಕೆಲವೇ ಸಾಲುಗಳ ದೆಸೆಯಿಂದ ಎಲ್ಲಕ್ಕೂ ಕರೆಂಟ್ ಖರ್ಚು.

ನಮ್ಮ ಐಡಿಯಾ: ಸಾಲುಗಳನ್ನು ಎಂಟೆಂಟರ ಗುಂಪು ಮಾಡುವುದು. ಪ್ರತಿ ಗುಂಪಿನ ಮೊದಲ ಸಾಲು "ಮುಂದಾಳು". ಅದರಲ್ಲಿ ಏಳು ಹೆಚ್ಚುವರಿ ಸೆಲ್. ಅದರ ನಂತರ ಬರುವ ಏಳು ಸಾಲುಗಳಲ್ಲಿ ಯಾವುದು ಬೇಗ ಸೋರುತ್ತದೆ ಅನ್ನುವ ಗುರುತು ಅಲ್ಲಿರುತ್ತದೆ. ಮುಂದಾಳನ್ನು ಪ್ರತಿ ಸುತ್ತಿನಲ್ಲೂ (64 ಮಿಲಿಸೆಕೆಂಡಿಗೊಮ್ಮೆ) ರಿಫ್ರೆಶ್ ಮಾಡುತ್ತೇವೆ. ಆಗ ಸೆನ್ಸ್ ಆಂಪ್ಲಿಫೈಯರ್ ಹೇಗೂ ಇಡೀ ಸಾಲನ್ನು ಓದುತ್ತದೆ, ಅದರ ಜೊತೆಗೆ ಗುರುತುಗಳೂ ಬಂದವು. ಒಂದು ಲ್ಯಾಚ್ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗುರುತಿಲ್ಲದ ಸಾಲುಗಳನ್ನು ಆ ಸುತ್ತಿನಲ್ಲಿ ಬಿಟ್ಟು, ನಾಲ್ಕು ಸುತ್ತಿಗೊಮ್ಮೆ ಮಾತ್ರ ರಿಫ್ರೆಶ್ ಮಾಡುತ್ತೇವೆ.

ಲೆಕ್ಕ ನೋಡಿ. ನಾಲ್ಕು ಸುತ್ತಿನಲ್ಲಿ ಎಂಟು ಸಾಲಿಗೆ ಹಳೆಯ ಪದ್ಧತಿಯಲ್ಲಿ 32 ರಿಫ್ರೆಶ್. ನಮ್ಮದರಲ್ಲಿ ಮುಂದಾಳಿಗೆ 4, ಉಳಿದ ಏಳಕ್ಕೆ ಒಂದೊಂದು, ಒಟ್ಟು 11. ಗುಂಪಿನಲ್ಲಿ ಒಂದು ಸೋರುವ ಸಾಲಿದ್ದರೆ ಅದಕ್ಕೆ ಇನ್ನೂ 3 ಸೇರಿ 14. ಅಂದರೂ ಅರ್ಧಕ್ಕಿಂತ ಕಡಿಮೆ. ಈ ಲೆಕ್ಕ ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 3: ಹುಡುಕಾಟ

ಎಕ್ಸಾಮಿನರ್ ಹುಡುಕುವ ಮುಂಚೆ ನೀವು ಹುಡುಕಿ. ಭಾರತದ ಅರ್ಜಿಗಳಿಗೆ ಪೇಟೆಂಟ್ ಆಫೀಸಿನ ಇನ್‌ಪಾಸ್, ಹೊರದೇಶದ್ದಕ್ಕೆ ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್, ಗೂಗಲ್ ಪೇಟೆಂಟ್ಸ್. ಎಲ್ಲ ಪುಕ್ಕಟೆ. ಬರೀ ಪದ ಹಾಕಿ ಹುಡುಕಿದರೆ ಸಾಲದು, ಕ್ಲಾಸ್ ನಂಬರ್ ಹಾಕಿ. ಮೆಮೊರಿ ಸರ್ಕ್ಯೂಟು ಜಿ11ಸಿ ಅಡಿಯಲ್ಲಿ ಬರುತ್ತದೆ. ರಿಫ್ರೆಶ್‌ಗೆ ಜಿ11ಸಿ 11/406. ಟೆಸ್ಟಿಂಗ್, ರಿಪೇರಿಗೆ ಜಿ11ಸಿ 29. ಸೆಲ್‌ನ ರಚನೆ ಆದರೆ ಎಚ್10ಬಿ. ಕ್ಯಾಶೆ, ಅಡ್ರೆಸ್ ವಿಷಯ ಆದರೆ ಜಿ06ಎಫ್ 12.

ಪೇಟೆಂಟ್ ಮಾತ್ರ ನೋಡಿ ಎದ್ದು ಬರಬೇಡಿ. ಮೆಮೊರಿ ವಿಷಯದಲ್ಲಿ ಅರ್ಧ ಜ್ಞಾನ ಕಾನ್ಫರೆನ್ಸ್ ಪ್ರಬಂಧಗಳಲ್ಲೂ ಚಿಪ್ ಉದ್ಯಮದವರ ಸಂಸ್ಥೆ ಜೆಡೆಕ್ ಹೊರಡಿಸುವ ಮಾನದಂಡಗಳಲ್ಲೂ ಇದೆ. ನಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸೋರುವ ಸಾಲುಗಳನ್ನು ಬೇರೆ ಮಾಡಿ ಬೇರೆ ಬೇರೆ ವೇಗದಲ್ಲಿ ರಿಫ್ರೆಶ್ ಮಾಡಬಹುದು ಅನ್ನುವುದು 2012ರಲ್ಲೇ ಆರ್‌ಎಐಡಿಆರ್ ಹೆಸರಿನ ಪ್ರಬಂಧದಲ್ಲಿ ಪ್ರಕಟ ಆಗಿದೆ. ಅಲ್ಲಿ ಸೋರುವ ಸಾಲುಗಳ ಪಟ್ಟಿಯನ್ನು ಮೆಮೊರಿ ಚಿಪ್ ಹೊರಗಿನ ಮೆಮೊರಿ ಕಂಟ್ರೋಲರ್‌ನಲ್ಲಿ ಬ್ಲೂಮ್ ಫಿಲ್ಟರ್ ಅನ್ನುವ ಅಡಕವಾದ ಪಟ್ಟಿಯಾಗಿ ಇಟ್ಟಿದ್ದಾರೆ. ಅಂದಮೇಲೆ "ಸೋರುವ ಸಾಲಿಗೆ ಬೇರೆ ವೇಗ" ಅಂತ ಅಗಲವಾಗಿ ಕ್ಲೇಮ್ ಮಾಡಿದರೆ ಮೊದಲ ಏಟಿಗೇ ಬೀಳುತ್ತದೆ. ನಮ್ಮದು ಏನಿದ್ದರೂ ಗುರುತು ಎಲ್ಲಿ ಇಟ್ಟೆವು, ಹೇಗೆ ಓದಿದೆವು ಅನ್ನುವುದರಲ್ಲಿ. ಇದನ್ನು ಎಫ್‌ಇಆರ್ ನೋಡಿ ಕಲಿಯುವುದಕ್ಕಿಂತ ಮೊದಲೇ ತಿಳಿದುಕೊಂಡರೆ ಕ್ಲೇಮ್ ಬರೆಯುವಾಗಲೇ ಬುದ್ಧಿ ಬರುತ್ತದೆ.

ಹೆಜ್ಜೆ 4: ಬರೆಯುವುದು

ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಕನ್ನಡಕ್ಕೆ ಅವಕಾಶ ಇಲ್ಲ. ಆದರೂ ನಾನು ಮೊದಲ ಮಾತುಕತೆ ಕನ್ನಡದಲ್ಲೇ ಮಾಡಿಸುತ್ತೇನೆ. "ನಿಮ್ಮ ಚಿಪ್ ಏನು ಮಾಡ್ತದೆ, ನಿಮ್ಮ ಅವ್ವಗ ಹೇಳಿದಂಗ ಹೇಳ್ರಿ" ಅಂದರೆ ಬೇಡದ ಜಾರ್ಗನ್ ಎಲ್ಲ ಉದುರಿ, ನಿಜವಾಗಿ ಹೊಸದು ಏನು ಅನ್ನುವುದು ಹೊರಬೀಳುತ್ತದೆ.

59ನೇ ಸೆಕ್ಷನ್ ಗೋಡೆಗೆ ಅಂಟಿಸಿಕೊಳ್ಳಿ. ಫೈಲ್ ಮಾಡಿದ ಮೇಲೆ ತಿದ್ದುಪಡಿ ಮಾಡಬಹುದು, ಆದರೆ ಮೊದಲೇ ಹೇಳಿದ್ದರ ಒಳಗೆ ಮಾತ್ರ. ಕ್ಲೇಮ್ ಕಿರಿದು ಮಾಡಬಹುದು, ಹಿಗ್ಗಿಸುವಂತಿಲ್ಲ, ಹೊಸ ವಿಷಯ ಸೇರಿಸುವಂತಿಲ್ಲ. ನೀವು ಅರ್ಜಿಯ ವಿವರಣೆಯಲ್ಲಿ, ಅಂದರೆ ಸ್ಪೆಸಿಫಿಕೇಷನ್‌ನಲ್ಲಿ "ಗುರುತುಗಳನ್ನು ಚಿಪ್‌ನ ಒಳಗೆ ಇಡುತ್ತೇವೆ" ಅಂತ ಮಾತ್ರ ಬರೆದಿದ್ದರೆ, ನಾಳೆ "ಮುಂದಾಳು ಸಾಲಿನಲ್ಲಿ" ಅಂತ ಸೇರಿಸಲು ಹೋದರೆ ಆಗುವುದಿಲ್ಲ. ಆಟ ಅಲ್ಲಿಗೇ ಮುಗಿಯಿತು.

ಹಾಗಾಗಿ ಬರೆಯುವಾಗ ಕೈ ಬಿಗಿ ಮಾಡಬೇಡಿ. ಗುಂಪು 4, 8, 16 ಆದರೆ ಏನು? ಮುಂದಾಳೇ ಸೋರುವ ಸಾಲಾಗಿದ್ದರೆ? ಬಿಸಿ 85 ಡಿಗ್ರಿ ದಾಟಿದಾಗ ಗುರುತನ್ನು ಕಡೆಗಣಿಸಿ ಎಲ್ಲವನ್ನೂ ರಿಫ್ರೆಶ್ ಮಾಡುತ್ತೀರಾ? ಕಾಲ ಕಳೆದಂತೆ ಗಟ್ಟಿ ಸಾಲು ಸೋರಲು ಶುರು ಮಾಡಿದರೆ ಬಿಟ್ ತಪ್ಪಿದ್ದನ್ನು ಹಿಡಿಯುವ ಇಸಿಸಿ ತಪ್ಪು ತೋರಿಸಿದಾಗ ಹೊಸ ಗುರುತು ಬರೆಯುತ್ತೀರಾ? ಒಂದೊಂದಕ್ಕೂ ಒಂದು ಪ್ಯಾರಾ. ಸಾಲನ್ನು ತೆರೆಯುವ ವರ್ಡ್ ಲೈನ್, ಬಿಟ್ ಹೊತ್ತು ತರುವ ಬಿಟ್ ಲೈನ್, ಸೆನ್ಸ್ ಆಂಪ್ಲಿಫೈಯರ್, ಲ್ಯಾಚ್ ಎಲ್ಲ ಕಾಣುವ ಬ್ಲಾಕ್ ಚಿತ್ರ ಒಂದು. ಯಾವ ಸಿಗ್ನಲ್ ಯಾವಾಗ ಮೇಲೆದ್ದಿತು ಅನ್ನುವ ಟೈಮಿಂಗ್ ಚಿತ್ರ ಒಂದು. ಟೈಮಿಂಗ್ ಚಿತ್ರ ಇಲ್ಲದ ಮೆಮೊರಿ ಅರ್ಜಿ ಉಪ್ಪಿಲ್ಲದ ಸಾರು. ಜೊತೆಗೆ 32ಕ್ಕೆ 11, 32ಕ್ಕೆ 14 ಅನ್ನುವ ಆ ಲೆಕ್ಕ, ಸಿಮ್ಯುಲೇಶನ್ ಮಾಡಿದ್ದರೆ ಅದರ ಅಂಕಿ.

ಕ್ಲೇಮ್‌ನ ಬೆನ್ನೆಲುಬು ಹೀಗಿರಬಹುದು: ಸಾಲುಗಳು ಗುಂಪುಗಳಲ್ಲಿರುವ ಒಂದು ಡಿ-ರ‍್ಯಾಮ್ ಚಿಪ್, ಪ್ರತಿ ಗುಂಪಿನ ಮುಂದಾಳು ಸಾಲಿನಲ್ಲಿ ಉಳಿದ ಸಾಲುಗಳಿಗೆ ಒಂದೊಂದು ಗುರುತಿನ ಬಿಟ್, ಮುಂದಾಳನ್ನು ರಿಫ್ರೆಶ್ ಮಾಡುವಾಗ ಸೆನ್ಸ್ ಆಂಪ್ಲಿಫೈಯರ್ ಓದಿದ ಆ ಬಿಟ್‌ಗಳನ್ನು ಹಿಡಿಯುವ ಲ್ಯಾಚ್, ಆ ಲ್ಯಾಚ್ ನೋಡಿ ಗುರುತಿಲ್ಲದ ಸಾಲುಗಳನ್ನು ಆ ಸುತ್ತಿನಲ್ಲಿ ಬಿಡುವ ರಿಫ್ರೆಶ್ ಸರ್ಕ್ಯೂಟ್. ಗಮನಿಸಿ, ಪ್ರತಿ ತುಂಡೂ ಒಂದು ವಸ್ತು. ಆಲ್ಗಾರಿದಮ್ ಅಂತ ಹೆಸರಿಡಲು ಜಾಗವೇ ಇಲ್ಲ.

ಹೆಜ್ಜೆ 5: ಫೈಲ್ ಮಾಡುವುದು

ಫಾರ್ಮ್ 1 ಅರ್ಜಿ, ಫಾರ್ಮ್ 2 ಸ್ಪೆಸಿಫಿಕೇಷನ್, ಫಾರ್ಮ್ 3 ಹೊರದೇಶದ ಅರ್ಜಿಗಳ ವಿವರ, ಫಾರ್ಮ್ 5 ಇನ್ವೆಂಟರ್ ಘೋಷಣೆ. ಏಜೆಂಟ್ ಇದ್ದರೆ ಫಾರ್ಮ್ 26. ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮ ಆದರೆ ಫಾರ್ಮ್ 28, ಅದರಿಂದ ಶುಲ್ಕ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ: ಆನ್‌ಲೈನ್‌ನಲ್ಲಿ ದೊಡ್ಡ ಕಂಪನಿಗೆ 8,000 ರೂಪಾಯಿ, ನಿಮಗೆ 1,600. ಪುಟ 30 ದಾಟಿದರೆ, ಕ್ಲೇಮ್ 10 ದಾಟಿದರೆ ಮೇಲಿನ ಒಂದೊಂದಕ್ಕೂ ಹೆಚ್ಚಿನ ಹಣ.

ವಿವರ ಪೂರ್ತಿ ಸಿದ್ಧ ಇಲ್ಲದಿದ್ದರೆ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ ತಾರೀಖು ಹಿಡಿಯಬಹುದು. 12 ತಿಂಗಳೊಳಗೆ ಪೂರ್ತಿ ಸ್ಪೆಸಿಫಿಕೇಷನ್ ಕೊಡಬೇಕು. ಪ್ರೊವಿಷನಲ್‌ನಲ್ಲಿ ಇಲ್ಲದ್ದಕ್ಕೆ ಹಳೆಯ ತಾರೀಖು ಸಿಗುವುದಿಲ್ಲ, ಅದಕ್ಕೇ ಎರಡು ಪುಟದ ಪ್ರೊವಿಷನಲ್ ನನಗೆ ಹಿಡಿಸುವುದಿಲ್ಲ.

ಮೂರು ಎಚ್ಚರಿಕೆ. ಫೈಲ್ ಮಾಡುವ ಮುಂಚೆ ಕಾನ್ಫರೆನ್ಸ್, ಹೂಡಿಕೆದಾರರ ಮೀಟಿಂಗ್, ಲಿಂಕ್ಡ್‌ಇನ್ ಎಲ್ಲೂ ಬಾಯಿ ಬಿಡಬೇಡಿ. ಮೊದಲೇ ಬಹಿರಂಗ ಆದದ್ದಕ್ಕೆ ನಮ್ಮ ಕಾಯ್ದೆ ಕೊಡುವ ವಿನಾಯಿತಿ ತೀರಾ ಸಣ್ಣದು. ಎರಡನೆಯದು, ಭಾರತದಲ್ಲಿ ವಾಸ ಇರುವವರು ಅನುಮತಿ ಇಲ್ಲದೆ ನೇರವಾಗಿ ಅಮೆರಿಕದಲ್ಲಿ ಫೈಲ್ ಮಾಡುವಂತಿಲ್ಲ. ಇಲ್ಲಿ ಹಾಕಿ ಆರು ವಾರ ಕಾಯಬೇಕು, ಅಥವಾ ಫಾರ್ಮ್ 25ರಲ್ಲಿ ಅನುಮತಿ ಕೇಳಬೇಕು. ಮೂರನೆಯದು ಚಿಕ್ಕದು, ಆದರೆ ಕೊರಳಿಗೆ ಬರುವಂಥದ್ದು: ಇನ್ವೆಂಟರ್‌ಗಳಿಂದ ಕಂಪನಿಗೆ ಹಕ್ಕು ಬರೆದುಕೊಟ್ಟ ಪತ್ರ. ಫೈಲ್ ಮಾಡಿ 6 ತಿಂಗಳೊಳಗೆ ಕೊಡಬೇಕು. ಕೆಲಸ ಬಿಟ್ಟು ಹೋದ ಹುಡುಗನ ಸಹಿಗೆ ಆಮೇಲೆ ಅಲೆಯುವ ಬದಲು ಅವತ್ತೇ ಹಾಕಿಸಿಕೊಳ್ಳಿ.

ಹೆಜ್ಜೆ 6: ಪರೀಕ್ಷೆಗೆ ಕೇಳುವುದು

ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಪರೀಕ್ಷೆ ಮಾಡುವುದಿಲ್ಲ. ಫಾರ್ಮ್ 18 ಕೊಟ್ಟು ಕೇಳಬೇಕು. 2024ರ ಮಾರ್ಚ್ 15ರ ತಿದ್ದುಪಡಿಯಿಂದ ಈಚಿನ ಅರ್ಜಿಗಳಿಗೆ ಗಡುವು ಪ್ರಯಾರಿಟಿ ತಾರೀಖಿನಿಂದ (ಮೊದಲ ಅರ್ಜಿ ಹಾಕಿದ ದಿನದಿಂದ) 31 ತಿಂಗಳು. ಮೊದಲು 48 ಇತ್ತು. ಹಳೆಯ ಲೇಖನ ಓದಿ 48 ಅಂತ ಕೂತವರಿಗೆ ದೇವರೇ ಗತಿ. ಗಡುವು ತಪ್ಪಿದರೆ ಅರ್ಜಿಯನ್ನು ನೀವೇ ಹಿಂದಕ್ಕೆ ಪಡೆದಂತೆ.

ಬೇಗ ಬೇಕಾದರೆ ಫಾರ್ಮ್ 18ಎ. ಸ್ಟಾರ್ಟಪ್, ಸಣ್ಣ ಉದ್ಯಮ, ಅರ್ಜಿದಾರರಲ್ಲಿ ಒಬ್ಬ ಮಹಿಳೆಯಾದರೂ ಇರುವ ವೈಯಕ್ತಿಕ ಅರ್ಜಿ ಇಂಥವಕ್ಕೆ ಈ ದಾರಿ ತೆರೆದಿದೆ. ಸ್ಟಾರ್ಟಪ್‌ಗೆ ಫಾರ್ಮ್ 18 ಆದರೆ 4,000 ರೂಪಾಯಿ, 18ಎ ಆದರೆ 8,000. ಅರ್ಜಿ ಮಾಮೂಲಾಗಿ 18 ತಿಂಗಳಿಗೆ ಪ್ರಕಟ ಆಗುತ್ತದೆ. 18ಎ ಹಾಕುವವರು ಫಾರ್ಮ್ 9 ಕೊಟ್ಟು ಬೇಗ ಪ್ರಕಟ ಮಾಡಿಸಬೇಕು. ಚಿಪ್ ವಿಷಯದಲ್ಲಿ ಈ ಅವಸರ ಎಲ್ಲರಿಗೂ ಒಳ್ಳೆಯದಲ್ಲ ಅಂತ ನನ್ನ ಅನಿಸಿಕೆ. ಟೇಪ್-ಔಟ್ ಆಗಿ, ಅಂದರೆ ಡಿಸೈನ್ ಕಾರ್ಖಾನೆಗೆ ಹೋಗಿ, ಸಿಲಿಕಾನ್ ಕೈಗೆ ಬರುವ ಮುಂಚೆಯೇ ಕ್ಲೇಮ್ ಗಟ್ಟಿಯಾಗಿ ಬಿಟ್ಟರೆ, ನಿಜವಾದ ಚಿಪ್ ಬೇರೆ ರೀತಿ ಬಂದಾಗ ಕೈ ಹಿಸುಕಿಕೊಳ್ಳಬೇಕಾಗುತ್ತದೆ. ಹೂಡಿಕೆದಾರರು ಕೇಳುತ್ತಿದ್ದರೆ, ಪ್ರತಿಸ್ಪರ್ಧಿ ಕಾಪಿ ಮಾಡುತ್ತಿದ್ದರೆ ಹಾಕಿ.

ಹೆಜ್ಜೆ 7: ಎಫ್‌ಇಆರ್‌ಗೆ ಉತ್ತರ

ವರದಿ ಹೊರಟ ದಿನದಿಂದ 6 ತಿಂಗಳು. ಸಾಲದಿದ್ದರೆ ಫಾರ್ಮ್ 4 ಕೊಟ್ಟು 3 ತಿಂಗಳು ಹೆಚ್ಚಿಗೆ ಕೇಳಬಹುದು. ಉತ್ತರ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಹೊರದೇಶದಲ್ಲೂ ಫೈಲ್ ಮಾಡಿದ್ದರೆ ಹೊಸ ಫಾರ್ಮ್ 3ಕ್ಕೆ ಗಡುವು ಎಫ್‌ಇಆರ್‌ನಿಂದ 3 ತಿಂಗಳೇ. ಇದನ್ನು ಮರೆಯುವವರು ಜಾಸ್ತಿ. ಎಕ್ಸಾಮಿನರ್ ಮುಂಬೈಯಲ್ಲೇ ಕೂತಿರಬೇಕು ಅಂತೇನೂ ಇಲ್ಲ.

ಓದುವಾಗ ಮೊದಲು ಸಣ್ಣಪುಟ್ಟದ್ದನ್ನು ಬದಿಗಿಡಿ: ಸಹಿ, ಕ್ಲೇಮ್‌ನಲ್ಲಿ ಚಿತ್ರದ ಸಂಖ್ಯೆ ಇಲ್ಲದಿರುವುದು, ಸಾರಾಂಶದ ಉದ್ದ. ಅವನ್ನು ಒಂದು ಮಧ್ಯಾಹ್ನದಲ್ಲಿ ಸರಿ ಮಾಡಬಹುದು. ತಲೆ ಕೊಡಬೇಕಾದದ್ದು ಹೊಸತನ, ಇನ್ವೆಂಟಿವ್ ಸ್ಟೆಪ್ (ಬಲ್ಲವರಿಗೂ ಸುಲಭಕ್ಕೆ ಹೊಳೆಯದ ಹೆಜ್ಜೆ), 3ನೇ ಸೆಕ್ಷನ್ ಈ ಮೂರಕ್ಕೆ.

ಹೊಸತನದ ಲೆಕ್ಕ ಸರಳ. ನಿಮ್ಮ ಕ್ಲೇಮ್‌ನ ಎಲ್ಲ ತುಂಡುಗಳೂ ಒಂದೇ ಹಳೆಯ ದಾಖಲೆಯಲ್ಲಿ ಇದ್ದರೆ ಮಾತ್ರ ಹೊಸತನ ಹೋಯಿತು. ಡಿ1 ಅಂತ ಆ 2012ರ ಪ್ರಬಂಧವನ್ನು ತೋರಿಸಿದ್ದಾರೆ ಅನ್ನಿ. ಒಂದು ಪಟ್ಟಿ ಮಾಡಿ: ಎಡಕ್ಕೆ ನಿಮ್ಮ ಕ್ಲೇಮ್‌ನ ತುಂಡು, ಮಧ್ಯೆ ಡಿ1ರಲ್ಲಿ ಅದು ಎಲ್ಲಿದೆ, ಬಲಕ್ಕೆ ನಿಮ್ಮ ಸ್ಪೆಸಿಫಿಕೇಷನ್‌ನ ಪ್ಯಾರಾ. ಮುಂದಾಳು ಸಾಲು, ಲ್ಯಾಚ್ ಎರಡೂ ಡಿ1ರಲ್ಲಿ ಇಲ್ಲ. ಹೊಸತನ ಉಳಿಯಿತು.

ಇನ್ವೆಂಟಿವ್ ಸ್ಟೆಪ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇಲ್ಲಿ ಎಕ್ಸಾಮಿನರ್ ಎರಡು ದಾಖಲೆ ಸೇರಿಸಬಹುದು. ಡಿ2 ಒಂದು ಹಳೆಯ ಪೇಟೆಂಟ್, ಅದರಲ್ಲಿ ಪ್ರತಿ ಸಾಲಿನ ದೋಷದ ಗುರುತನ್ನು ಅದೇ ಸಾಲಿನ ಹೆಚ್ಚುವರಿ ಸೆಲ್‌ನಲ್ಲಿ ಇಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. "ಡಿ1ರ ಪಟ್ಟಿಯನ್ನು ಡಿ2ರಂತೆ ಸಾಲಿನೊಳಗೆ ಇಡುವುದು ಈ ವಿದ್ಯೆ ಬಲ್ಲ ಯಾರಿಗಾದರೂ ಹೊಳೆಯುತ್ತದೆ" ಅನ್ನುತ್ತದೆ ವರದಿ.

ತುಂಬಾ ಜನ ಇಲ್ಲಿ "ನಮ್ಮದು ಡಿ1ಕ್ಕಿಂತ ಭಿನ್ನ, ಡಿ2ಕ್ಕಿಂತಲೂ ಭಿನ್ನ" ಅಂತ ನಾಲ್ಕು ಪುಟ ತುಂಬಿಸುತ್ತಾರೆ. ಅದು ಉತ್ತರವೇ ಅಲ್ಲ. ಎರಡನ್ನೂ ನಿಜವಾಗಿ ಸೇರಿಸಿ ನೋಡಿ, ಏನಾಗುತ್ತದೆ ಅಂತ ತೋರಿಸಿ. ಡಿ2ರಂತೆ ಗುರುತು ಅದೇ ಸಾಲಿನಲ್ಲಿದ್ದರೆ, ಅದನ್ನು ಓದಲು ಸಾಲನ್ನು ತೆರೆಯಬೇಕು. ಡಿ-ರ‍್ಯಾಮ್‌ನಲ್ಲಿ ಸಾಲು ತೆರೆದು ಮುಚ್ಚಿದರೆ ಅದೇ ರಿಫ್ರೆಶ್! ಅಂದರೆ "ರಿಫ್ರೆಶ್ ಬೇಕೋ ಬೇಡವೋ" ಅಂತ ಕೇಳುವ ಹೊತ್ತಿಗೆ ಮಾಡಿಯೇ ಮುಗಿದಿರುತ್ತದೆ. 32 ಅನ್ನುವುದು 32ರಲ್ಲೇ ಉಳಿಯಿತು, ಒಂದು ಪೈಸೆ ಉಳಿತಾಯ ಇಲ್ಲ. ಡಿ1 ಡಿ2 ಸೇರಿಸಿದವನಿಗೆ ಸಿಗುವುದು ಕೆಲಸಕ್ಕೆ ಬಾರದ ಚಿಪ್. ಗುರುತನ್ನು ಬೇರೆ ಸಾಲಿಗೆ, ಅದೂ ಹೇಗಿದ್ದರೂ ತೆರೆಯಲೇಬೇಕಾದ ಸಾಲಿಗೆ ಸಾಗಿಸಿದ್ದರಿಂದ 32 ಹೋಗಿ 14 ಆಯಿತು. ಆ ಹೆಜ್ಜೆಯ ಸುಳಿವು ಎರಡರಲ್ಲೂ ಇಲ್ಲ. ಈ ಪ್ಯಾರಾಕ್ಕೆ ನಿಮ್ಮ ಟೈಮಿಂಗ್ ಚಿತ್ರದ ಸಂಖ್ಯೆ ಜೋಡಿಸಿ. ಕಾಯ್ದೆ ಕೇಳುವ "ತಾಂತ್ರಿಕ ಮುನ್ನಡೆ" ಅಂದರೆ ಇದೇ.

3-ಕೆ ಆಕ್ಷೇಪ ಬಂದರೆ ಸಿಟ್ಟಾಗಬೇಡಿ. 2016ರ ಮಾರ್ಗಸೂಚಿ ಹೊಸ ಹಾರ್ಡ್‌ವೇರ್ ಬೇಕೇ ಬೇಕು ಅನ್ನುತ್ತಿತ್ತು, 2017ರದ್ದು ಅದನ್ನು ಕೈಬಿಟ್ಟಿತು. 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟ್ ತಾಂತ್ರಿಕ ಪರಿಣಾಮ ತೋರಿಸುವ ಆವಿಷ್ಕಾರವನ್ನು ಪ್ರೋಗ್ರಾಮ್ ಇದೆ ಅನ್ನುವ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಅಂದಿತು. ತೀರ್ಪನ್ನು ಒಂದು ಸಾಲಿನಲ್ಲಿ ಹೇಳಿ, ಉಳಿದ ಜಾಗ ನಿಮ್ಮ ಚಿಪ್‌ಗೆ ಕೊಡಿ: ಲ್ಯಾಚ್ ಎಲ್ಲಿದೆ, ರಿಫ್ರೆಶ್ ಎಷ್ಟು ಇಳಿಯಿತು, ಕರೆಂಟ್ ಎಲ್ಲಿ ಉಳಿಯಿತು. 3-ಒ ಆಕ್ಷೇಪ ಬಂದರೆ ಕ್ಲೇಮ್‌ನಲ್ಲಿ ಅಂತರ, ಪದರ, ಪಕ್ಕಪಕ್ಕ ಅನ್ನುವ ಮಾತು ನುಸುಳಿದೆಯಾ ನೋಡಿ. ಕೆಲಸಕ್ಕೆ ಸಂಬಂಧ ಇಲ್ಲದಿದ್ದರೆ ತೆಗೆದುಬಿಡಿ.

ಎರಡು ಬೇರೆ ಆವಿಷ್ಕಾರ ಇವೆ ಅಂತ ಆಕ್ಷೇಪ ಬಂದರೆ ಒಂದನ್ನು ಡಿವಿಷನಲ್ ಅರ್ಜಿಯಾಗಿ ಬೇರೆ ಹಾಕಬಹುದು. ಮೊದಲ ಅರ್ಜಿ ಜೀವಂತ ಇರುವಾಗಲೇ ಹಾಕಬೇಕು.

ಹೆಜ್ಜೆ 8: ಹಿಯರಿಂಗ್

ಉತ್ತರ ಸಾಲದು ಅನ್ನಿಸಿದರೆ ಅರ್ಜಿಯ ತೀರ್ಮಾನ ಮಾಡುವ ಅಧಿಕಾರಿ, ಅಂದರೆ ಕಂಟ್ರೋಲರ್, ಹಿಯರಿಂಗ್‌ಗೆ ಕರೆಯುತ್ತಾರೆ, ವಿಡಿಯೊದಲ್ಲಿ. ಉಳಿದ ಆಕ್ಷೇಪಗಳು ನೋಟಿಸಿನಲ್ಲಿರುತ್ತವೆ, ಅಷ್ಟಕ್ಕೇ ಮಾತಾಡಿ. ಇನ್ವೆಂಟರ್ ಜೊತೆಗಿದ್ದರೆ ಒಳ್ಳೆಯದು, ಆದರೆ ಒಂದು ಷರತ್ತು: ಕೇಳಿದ್ದಕ್ಕೆ ಮಾತ್ರ ಉತ್ತರ. ಹುಮ್ಮಸ್ಸಿನಲ್ಲಿ "ಇದೇನು ಸರ್, ಎಲ್ಲರೂ ಮಾಡ್ತಾರೆ" ಅಂದುಬಿಟ್ಟರೆ ಅದೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಟೈಮಿಂಗ್ ಚಿತ್ರ ಸ್ಕ್ರೀನ್ ಮೇಲೆ ಇಟ್ಟು, ಬೆರಳಿಟ್ಟು ತೋರಿಸಿ. ಹಿಯರಿಂಗ್ ಮುಗಿದ 15 ದಿನದೊಳಗೆ ಬರಹದಲ್ಲಿ ವಾದ, ತಿದ್ದಿದ ಕ್ಲೇಮ್ ಕೊಡಬೇಕು. ಒಂದು ಕಿರಿದಾದ ಕ್ಲೇಮ್ ಸೆಟ್ ಮೊದಲೇ ಜೇಬಿನಲ್ಲಿರಲಿ.

ಆಮೇಲೆ

ಪೇಟೆಂಟ್ ಸಿಕ್ಕರೆ ಅವಧಿ ಅರ್ಜಿಯ ತಾರೀಖಿನಿಂದ 20 ವರ್ಷ. ಗ್ರಾಂಟ್ ಪ್ರಕಟ ಆಗಿ ಒಂದು ವರ್ಷದೊಳಗೆ ಆಸಕ್ತರು ವಿರೋಧಿಸಬಹುದು. ಗ್ರಾಂಟ್‌ಗೆ ಮುಂಚೆಯೂ ಯಾರು ಬೇಕಾದರೂ ವಿರೋಧ ಹಾಕಬಹುದು. ನವೀಕರಣ ಶುಲ್ಕ ಮೂರನೇ ವರ್ಷದಿಂದ ಲೆಕ್ಕ. ಗ್ರಾಂಟ್ ತಡವಾದರೆ ಅಷ್ಟೂ ವರ್ಷದ ಬಾಕಿಯನ್ನು ಗ್ರಾಂಟ್ ದಾಖಲಾದ 3 ತಿಂಗಳಲ್ಲಿ ಕಟ್ಟಬೇಕು. ನಾಲ್ಕು ವರ್ಷದ್ದು ಒಟ್ಟಿಗೆ ಆನ್‌ಲೈನ್‌ನಲ್ಲಿ ಮುಂಗಡ ಕಟ್ಟಿದರೆ ಶೇ. 10 ಕಡಿತ ಇದೆ. ಪೇಟೆಂಟ್ ಬಳಕೆಯಲ್ಲಿದೆಯಾ ಅನ್ನುವ ಫಾರ್ಮ್ 27 ಈಗ ಮೂರು ಹಣಕಾಸು ವರ್ಷಕ್ಕೊಮ್ಮೆ.

ತಿರಸ್ಕಾರ ಆದರೆ ಆದೇಶವನ್ನು ಒಮ್ಮೆ ತಣ್ಣಗೆ ಓದಿ. ಕಣ್ತಪ್ಪಿನ ದೋಷ ಇದ್ದರೆ ಒಂದು ತಿಂಗಳೊಳಗೆ ರಿವ್ಯೂ ಕೇಳಬಹುದು. ಇಲ್ಲವಾದರೆ 3 ತಿಂಗಳೊಳಗೆ ಅಪೀಲು. 2021ರಲ್ಲಿ ಐಪಿಎಬಿ, ಅಂದರೆ ಮೇಲ್ಮನವಿ ಮಂಡಳಿ, ರದ್ದಾದ ಮೇಲೆ ಅಪೀಲು ನೇರ ಹೈಕೋರ್ಟಿಗೆ ಹೋಗುತ್ತದೆ. ಮುಂಬೈ ಆಫೀಸಿನ ಅರ್ಜಿ ಆದರೆ ಬಾಂಬೆ ಹೈಕೋರ್ಟಿಗೆ. ಅಲ್ಲಿಗೆ ಹೋಗುವ ಮುಂಚೆ ನಿಮ್ಮ ವಕೀಲರಿಗೆ ಆದೇಶದ ಜೊತೆ ಆ ಮೂರು ಕಾಲಂ ಪಟ್ಟಿಯನ್ನೂ ಕೊಡಿ. ಡಿ1, ಡಿ2 ಸೇರಿಸಿದರೆ ಏನಾಗುತ್ತದೆ ಅನ್ನುವ ವಾದಕ್ಕೆ ಕಂಟ್ರೋಲರ್ ಉತ್ತರ ಕೊಟ್ಟಿದ್ದಾರೋ ಇಲ್ಲವೋ ಅಂತ ಅವರು ಮೊದಲು ನೋಡುತ್ತಾರೆ. ಕಾರಣ ಕೊಡದೆ ತಳ್ಳಿಹಾಕಿದ ಆದೇಶವನ್ನು ಹೈಕೋರ್ಟ್ ಮತ್ತೆ ಪರಿಶೀಲಿಸಿ ಅಂತ ವಾಪಸ್ ಕಳಿಸುವುದುಂಟು.